ಇದ್ದಿಲ ಲೆಕ್ಕ

ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರಿಗೆ
ನಾವು ಬಂದಾಗ ಬ್ಯಾಸಗಿ. ಹಿತ್ತಲದಾಗ ಏನೂ ಇರಲಿಲ್ಲ:
ಒಂದು ಬೋಳು ನುಗ್ಗಿ,
ಒಡಕು ಫರಸಿಕಲ್ಲು ನಿಲ್ಲಿಸಿ ಕಟ್ಟಿದ ನಾಕು ಮಡಿ,
ಅದರಾಗ ಬೂದಿಬಣ್ಣದ ಮಣ್ಣು.
ಸಿಮೆಂಟೇ ಇರಬೇಕು, ಅಂದೆ.
ಕಾರ್ಖಾನಿ ಕೊಳವಿ ಅಲ್ಲೇ ಕಾಣತಿತ್ತು.

ಅಡಗಿಮನಿ ಗೋಡಿ ಮ್ಯಾಲ, ಒಲಿ ಬಾಜೂಕ,
ಇದ್ದಿಲಿಲೆ ಯಾರೋ ಬರದಿದ್ದರು, ಉರ್ದು.
ಬಲದಿಂದ ಎಡಕ್ಕ ಸಣ್ಣ ಸಣ್ಣ ಸಾಲು.
ದುವಾ ಇರಬೇಕಂತ ಕೈ ಮುಗದೆ.
ಒಗ್ಗರಣಿ ಸಿಡೀಬಾರದಂತ
ಎಣ್ಣಿ ಡಬ್ಬಿ ತಗಡು ಬಿಚ್ಚಿ ಅಡ್ಡ ಇಟ್ಟೆ.

ಮಿರಗದ ಮಳಿ ಎರಡು ಸಲ ಬಡದು ಹೋಯ್ತು.
ವಾರದೊಳಗ ಮಡಿ ತುಂಬ ಕೆಂಪು ದಂಟು, ಪುಂಡಿ!
ನಮ್ಮವರು ರಾತ್ರಿ ಪಾಳಿ ಮುಗಿಸಿ,
ಕೈಯಾಗಿನ ಲಾಟೀನು ಇನ್ನೂ ಇಳಿಸದೆ,
"ಯಾರು ಹಾಕ್ಯಾರ ಇದು?" ಅಂತ ನನ್ನೇ ಕೇಳಿದರು.
ಮೂರು ನೀರಾಗ ಧೂಳು ತೊಳದು
ಜ್ವಾಳದ ನುಚ್ಚು ಹಾಕಿ ಕುದಿಸಿದೆ.
ಯಾರದೋ ಮನಿ ಉಪ್ಪು ಉಂಡಂಗ ಆತು.
ಉಪ್ಪು ನಮ್ಮದೇ.

ಶ್ರಾವಣಕ್ಕ, ಬಚ್ಚಲ ನೀರು ಬೀಳೋ ಬಾಯಿಗೆ,
ಹೀರಿ ಬಳ್ಳಿ ಎದ್ದು ಹಳೇ ಸಿಗ್ನಲ್ ತಂತಿ ಹಿಡೀತು.
ಎಲಿ ಮರಿಗೆ ಮರತ ಕಾಯಿ ಬಲತು
ಕೂಸಿನ ಮೈ ತಿಕ್ಕಲಾಕ ಬಂತು.
ದಸರಾಕ ಹಾಗಲ.
ಬ್ಯಾಡ ಅಂದರೂ ಬಾಗಿಲ ತನಕ ಹಾಗಲ.
ಮೂರು ಮಕ್ಕಳು ಮೂರು ತರ ಮಾರಿ ಹಿಂಡಿದರು.
ಥಂಡಿ ಬಿದ್ದಾಗ ಅವರಿ: ಬೆಳಗಿನ ಜಾವ
ಗೂಡ್ಸ್ ಗಾಡಿ ಹಾದರ ಸಾಕು,
ಹೂ ಎಲ್ಲಾ ಒಂದೇ ಸಲ ನಡುಗತಿದ್ದವು.

ಎಳ್ಳಮಾಸಿ ಹಿಂದಿನ ದಿನ.
ಭಜ್ಜಿಗಂತ ಅವರಿ ಸುಲೀತಾ ಕುಂತೀನಿ.
ಹಾಲು ಕೊಡೋ ತಜಮ್ಮುಲ್, ಏಳನೇತ್ತ ಹುಡುಗ,
ಕೈ ಕಾಸಲಾಕ ಒಲಿ ಹತ್ರ ಬಂದು
ತಗಡಿನ ಹಿಂದ ಇಣಿಕಿ ನಕ್ಕ:
"ಇದು ದುವಾ ಅಲ್ರಿ ಅಕ್ಕ."
ಬೆರಳಿಟ್ಟು ಓದಿದ.

ಅಂಬಾಡಾ ನಾಕು ಸಿವುಡು. ಎರಡು ಸುಗಲಾಬಾಯಿಗೆ.
ತುರಾಯಿ ಹನ್ನೊಂದು. ಒಂದು ಬೀಜಕ್ಕ ಬಿಟ್ಟೀನಿ.
ಬೈಂಗನ್ ಎರಡು ಕಿಲೋ, ಅರ್ಧ ಹುಳದ್ದು.
ಮಳಿ ಇಲ್ಲ.
ಮಳಿ ಇಲ್ಲ.
ಸೇಮ್ ಸೆರಗ ತುಂಬ. ಜ್ವರ, ಉಳಿದಿದ್ದು ಕೊಯ್ದಿಲ್ಲ.
ನುಗ್ಗಿ, ಗಾರ್ಡ್ ಸಾಹೇಬರ ಕೈಲೆ, ಗುಂತಕಲ್ಲಿಗೆ, ತಂಗಿಗೆ.
ಕರೇಲಾ: ಯಾರೂ ತಿನ್ನಲ್ಲ. ನಾ ಒಬ್ಬಾಕಿನೇ.

"ಹೆಸರು ಬರದಾಳೇನು?"
"ಇಲ್ಲ. ಬರೇ ಕಾಯಿಪಲ್ಯ."

ಬಾಜೂಮನಿ ಸುಗಲಾಬಾಯಿನ ಕೇಳಿದೆ.
"ಮಾತು ಸಣ್ಣದು, ಸೆರಗು ದೊಡ್ಡದು.
ಹೆಸರೇನೋ... ನಾವು ತುರಾಯಿವಾಲಿ ಅಂತಿದ್ದಿವಿ."
ಮುಂದ ಆಕಿ ತನ್ನ ಮಣಕಾಲ ನೋವಿನ ಮಾತು ತಗದಳು.

ಉಗಾದಿ ಮುಂದ ಗುತ್ತೇದಾರನ ಆಳು
ಬಕೀಟು ಹಿಡಕೊಂಡು ಸುಣ್ಣ ಬಳಿಲಾಕ ಬಂದ.
"ಈ ಗೋಡಿ ಬಿಡಪ್ಪ."
"ಇನ್‌ಸ್ಪೆಕ್ಷನ್ ಅದಾರಿ."
ನುಗ್ಗಿ ಹರದು ತರೋ ಹೊತ್ತಿಗೆ
ಮ್ಯಾಲಿನ ನಾಕು ಸಾಲಿನ ಮ್ಯಾಲ ಬ್ರಷ್ ಆಡಿತ್ತು.
ಹಸಿ ಸುಣ್ಣದಾಗ ಹನ್ನೊಂದು ತುರಾಯಿ
ಇನ್ನೂ ಕಾಣತಿದ್ದವು, ನೀರಾಗಿನ ಮೀನಿನಂಗ.
ಒಣಗಿದಂಗ ಒಣಗಿದಂಗ ಬೆಳ್ಳಗ.

ಉಳಿದ ಸಾಲಿನ ಕೆಳಗ, ಬಂಬಿನ ಒಲಿ ಇದ್ದಿಲು ತಗೊಂಡು,
ಎಡದಿಂದ ಬಲಕ್ಕ ನಾ ಬರದೆ:
ನುಗ್ಗಿ ಒಂದು ಕಟ್ಟು. ಸುಣ್ಣದವಗ.

ಈಗ ಮತ್ತ ದಸರಾ.
ಹೀರಿಕಾಯಿ ಏಳು. ಒಂದು ಬೀಜಕ್ಕ.
ಹಾಗಲ ಒಂಬತ್ತು. ಯಾರೂ ತಿನ್ನಲ್ಲ, ನಾನೂ.
ಬಳ್ಳಿ ಕಿತ್ತಿಲ್ಲ.